ಡಿಕ್ಷನರಿಯವರ ಚೌಕಾಸಿ

ಪೊರಕೆ ಮಾರುವವಳು ಅರವತ್ತು ಅಂದಳು.

ಡಿಕ್ಷನರಿಯವರು ಗೇಟಿನ ಸರಳು ಹಿಡಿದುಕೊಂಡು ಸ್ವಲ್ಪ ಹೊತ್ತು ಯೋಚಿಸಿದರು. ಚೌಕಾಸಿ ಮಾಡದೆ ಒಂದು ಗುಂಡುಸೂಜಿಯನ್ನೂ ಕೊಳ್ಳಬೇಡಿ ಅಂತ ಹೆಂಡತಿ ಸಾವಿರ ಸಲ ಹೇಳಿದ್ದಳು. ಗಂಟಲು ಸರಿಮಾಡಿಕೊಂಡು, ಹುಬ್ಬು ಗಂಟಿಕ್ಕಿ, ಮನಸ್ಸು ಗಟ್ಟಿಮಾಡಿ ಹೇಳಿಯೇಬಿಟ್ಟರು:

"ನೋಡಮ್ಮ, ಎಪ್ಪತ್ತು ಕೊಡ್ತೀನಿ. ಅದಕ್ಕಿಂತ ಒಂದು ಕಾಸು ಹೆಚ್ಚಿಗೆ ಕೇಳಬೇಡ."

ಪೊರಕೆಯವಳು ಅವರ ಮುಖವನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿದಳು. "ಆಗಲಿ ಸ್ವಾಮಿ. ನೀವು ಇಷ್ಟು ಹಟ ಹಿಡಿದ ಮೇಲೆ ನಾನೇನು ಮಾಡೋಕಾಗುತ್ತೆ" ಅಂತ ನಿಟ್ಟುಸಿರು ಬಿಟ್ಟು, ಎಪ್ಪತ್ತು ಈಸಿಕೊಂಡು, ಅವರ ಮನಸ್ಸು ಬದಲಾಗುವ ಮುಂಚೆ ಬೀದಿಯ ತಿರುವಿನಲ್ಲಿ ಮಾಯವಾದಳು.

ಎದುರು ಮನೆಯಾಕೆ ಬಟ್ಟೆ ಒಣಹಾಕುತ್ತಾ ಎಲ್ಲವನ್ನೂ ನೋಡಿದ್ದರು. "ಅಣ್ಣಾವ್ರೇ, ಇನ್ನೊಂದು ಪೊರಕೆ ಬೇಕಾದ್ರೆ ನನ್ನನ್ನ ಕೇಳಿ. ನಮ್ಮನೇದು ಹಳೇದಿದೆ, ನೂರಕ್ಕೆ ಕೊಡ್ತೀನಿ!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದರು. ಪಕ್ಕದ ಮನೆ ಕಿಟಕಿಯಿಂದ ಯಾರೋ ಕಿಸಕ್ಕನೆ ನಕ್ಕರು.

ಡಿಕ್ಷನರಿಯವರ ಹೆಂಡತಿ ನಗಲಿಲ್ಲ. ಪೊರಕೆಯನ್ನು ತೆಗೆದುಕೊಂಡು ಬಾಗಿಲ ಹಿಂದೆ ಇಟ್ಟಳು. ಆಮೇಲೆ ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ತಾನೂ ಕೂತಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಹೀಗೆ ಎದುರಿಗೆ ಕೂತದ್ದು ನಾಲ್ಕೇ ಸಲ. ಆ ನಾಲ್ಕೂ ಸಲ ಡಿಕ್ಷನರಿಯವರಿಗೆ ಜ್ವರ ಬಂದಿತ್ತು.

"ರೀ, ಪೊರಕೆ ಹಾಳಾಗಿಹೋಗಲಿ. ಬರೋ ತಿಂಗಳಿಂದ ಮನೆ ಬಾಡಿಗೆ ಎರಡು ಸಾವಿರ ಜಾಸ್ತಿ. ಕೊಡೋಕಾಗದೇ ಇದ್ರೆ ಆ ಹಿಟ್ಟಿನ ಗಿರಣಿ ಹಿಂದಿನ ಒಂದೂವರೆ ಕೋಣೆ ಮನೆಗೆ ಹೋಗಬೇಕು. ಅಲ್ಲಿರೋರೆಲ್ಲ ಗಿರಣಿ ಸದ್ದಿಗೆ ಕಿವಿ ಕೆಟ್ಟು ಕೈಸನ್ನೆಯಲ್ಲೇ ಮಾತಾಡ್ತಾರೆ. ನಿಮಗೆ ಸಂಬಳ ಏರಿ ಎಷ್ಟು ವರ್ಷ ಆಯ್ತು?"

"ಆರು."

"ಇವತ್ತು ಏಳನೇದು ಶುರುವಾಗಬಾರದು. ಎರಡು ಸಾವಿರ ಜಾಸ್ತಿ ಕೇಳಿ ತಗೊಂಡು ಬನ್ನಿ. ನೀವು ಗೆದ್ದು ಬರ್ತೀರಿ ಅಂತ ನಾನು ಬಾಗಿಲಲ್ಲೇ ನಿಂತಿರ್ತೀನಿ."

ಡಿಕ್ಷನರಿಯವರಿಗೆ ಆಗಲೇ ಮೈ ಬಿಸಿಯಾದ ಹಾಗನ್ನಿಸಿತು.

ಅವರ ನಿಜವಾದ ಹೆಸರು ಗೊತ್ತಿದ್ದದ್ದು ಹೆಂಡತಿಗೆ ಮತ್ತು ಸಂಬಳದ ಪುಸ್ತಕಕ್ಕೆ ಮಾತ್ರ. ಏಣಿ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಇಂಗ್ಲಿಷ್ ಪತ್ರಗಳನ್ನು ಓದುವುದು, ಉತ್ತರ ಬರೆಯುವುದು ಅವರ ಕೆಲಸ. ಮೇಜಿನ ಮೇಲೆ ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಡಿಕ್ಷನರಿ ಸದಾ ಬಿದ್ದಿರುತ್ತಿದ್ದುದರಿಂದ ಆ ಹೆಸರು ಅಂಟಿತ್ತು. ಯಾವುದಾದರೂ ಇಂಗ್ಲಿಷ್ ಪದ ಹೇಳಿದರೆ ಅದಕ್ಕೆ ಸಮನಾದ ಹತ್ತು ಪದಗಳನ್ನು ಉಸಿರು ಬಿಡದೆ ಹೇಳುತ್ತಿದ್ದರು. ಆದರೆ ಬಸ್ಸಿನಲ್ಲಿ ತಮ್ಮ ಕಾಲನ್ನು ತುಳಿದವರಿಗೆ "ಕಾಲು ತೆಗೀರಿ" ಅನ್ನಲು ಒಂದು ಪದವೂ ಬಾಯಿಗೆ ಬರುತ್ತಿರಲಿಲ್ಲ. ಇಳಿಯುವ ಸ್ಟಾಪು ಬರುವವರೆಗೂ ಹಾಗೇ ನಿಂತಿರುತ್ತಿದ್ದರು.

ಕಾರ್ಖಾನೆಗೆ ಬಂದವರೇ, ಧೈರ್ಯ ಆರುವ ಮುಂಚೆ ಅಂತ, ನೇರವಾಗಿ ಯಜಮಾನರ ಕೋಣೆಗೆ ನುಗ್ಗಿದರು.

ಏಣಿ ಕಾರ್ಖಾನೆಯ ಯಜಮಾನರು ಕೆಟ್ಟವರೇನಲ್ಲ. ಆದರೆ ಕೇಳಲು ಬಂದವರ ಉತ್ಸಾಹವನ್ನು ಇಳಿಸುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಬಂದವರು ಬಾಯಿ ತೆರೆಯುವ ಮುಂಚೆಯೇ ಕನ್ನಡಕ ತೆಗೆದು ಒರೆಸಲು ಶುರುಮಾಡುತ್ತಿದ್ದರು. ಕನ್ನಡಕವಿಲ್ಲದ ಅವರ ಕಣ್ಣು ಈಗಷ್ಟೇ ತಾಯಿಯನ್ನು ಕಳೆದುಕೊಂಡ ಕರುವಿನ ಕಣ್ಣಿನ ಹಾಗಿರುತ್ತಿತ್ತು.

"ಬನ್ನಿ, ಕೂತ್ಕೊಳ್ಳಿ" ಅಂದರು ಯಜಮಾನರು, ಕನ್ನಡಕ ತೆಗೆಯುತ್ತಾ. "ಏನು ಹೇಳಲಿ ಡಿಕ್ಷನರಿಯವ್ರೇ. ಜನ ಮೇಲೆ ಹತ್ತೋದನ್ನೇ ಬಿಟ್ಟುಬಿಟ್ಟಿದ್ದಾರೆ. ಎಲ್ಲಾ ಕೆಳಗೇ ಇಟ್ಕೋತಾರೆ. ಅಟ್ಟ ಇಲ್ಲದ ಮನೆ ಕಟ್ತಾರೆ. ಮುನ್ನೂರು ಏಣಿ ಗೋಡೆಗೆ ಒರಗಿ ನಿಂತಿವೆ. ರಾತ್ರಿ ನಿದ್ದೆಯಲ್ಲೂ ಅವೇ ಕಾಣ್ತವೆ. ಎಲ್ಲಾ ನನ್ನೇ ನೋಡ್ತಾ ನಿಂತಿರ್ತವೆ."

"ಸಾರ್, ಅದು... ನನ್ನ ಸಂಬಳ..."

"ನಿಮ್ಮ ಸಂಬಳ ಕಡಿಮೆ ಮಾಡ್ತೀನಿ ಅಂತ ಯಾರು ಹೇಳಿದ್ದು?" ಯಜಮಾನರ ದನಿ ನಡುಗಿತು. "ಪ್ರಾಣ ಹೋದರೂ ಮಾಡಲ್ಲ. ನೀವು ಹೆದರಬೇಡಿ."

ಐದು ನಿಮಿಷದ ನಂತರ ಡಿಕ್ಷನರಿಯವರು ಹೊರಗೆ ಬಂದಾಗ ಅವರ ಕಣ್ಣೂ ಒದ್ದೆಯಾಗಿತ್ತು. ಯಜಮಾನರಿಗೆ ಧೈರ್ಯ ಹೇಳಿ, ಇನ್ನು ಮುಂದೆ ಪೆನ್ಸಿಲನ್ನು ಮನೆಯಿಂದಲೇ ತರುವುದಾಗಿ ಮಾತು ಕೊಟ್ಟು ಬಂದಿದ್ದರು.

"ಏನಾಯ್ತು?" ಕ್ಯಾಷಿಯರ್ ಕತ್ತು ಚಾಚಿದರು.

"ಪೆನ್ಸಿಲು" ಅಂದರು ಡಿಕ್ಷನರಿಯವರು. ಕ್ಯಾಷಿಯರ್ ತಲೆಯಾಡಿಸಿದರು. ಹೋದ ವರ್ಷ ಅವರೂ ಸಂಬಳ ಕೇಳಲು ಹೋಗಿ ಫ್ಯಾನು ದಾನ ಮಾಡಿ ಬಂದಿದ್ದರು.

ಮನೆ ಬಾಗಿಲಲ್ಲಿ ನಿಂತಿರುವ ಹೆಂಡತಿಯನ್ನು ನೆನೆಯುತ್ತಾ ಡಿಕ್ಷನರಿಯವರು ಕುರ್ಚಿಯಲ್ಲಿ ಕುಸಿದರು. ಟೈಪಿಸ್ಟ್ ಮೇಡಂ ಒಂದು ಲಕೋಟೆ ತಂದು ಮುಂದಿಟ್ಟರು. ನಿನ್ನೆ ಸಂಜೆಯ ಅಂಚೆಯಲ್ಲಿ ಬಂದದ್ದು. ಪರವೂರಿನ ದೊಡ್ಡ ಕಂಪನಿಯ ಪತ್ರ. ವರ್ಷಕ್ಕೊಮ್ಮೆ ಮುನ್ನೂರು ಏಣಿ ಕೊಳ್ಳುವ ಏಕಮಾತ್ರ ಗಿರಾಕಿ. ಡಿಕ್ಷನರಿಯವರು ಓದಿದರು. ಇನ್ನೊಮ್ಮೆ ಓದಿದರು. ಪತ್ರ ಹಿಡಿದುಕೊಂಡು ಮತ್ತೆ ಯಜಮಾನರ ಕೋಣೆಗೆ ಓಡಿದರು. ಏನೋ ವಿಶೇಷವಿದೆ ಅಂತ ಕ್ಯಾಷಿಯರ್ರೂ ಟೈಪಿಸ್ಟ್ ಮೇಡಮ್ಮೂ ಹಿಂದೆಯೇ ಬಂದರು.

"ಇವತ್ತು ಹನ್ನೊಂದು ಗಂಟೆಗೆ ಅವರ ಪ್ರತಿನಿಧಿ ಬರ್ತಾರಂತೆ ಸಾರ್. ಅವರು ಖಂಡಿತ ನಿಮ್ಮನ್ನ ಬೀಟ್ ಡೌನ್ ಮಾಡ್ತಾರೆ, ತಯಾರಾಗಿರಿ ಅಂತ ಬರೆದಿದ್ದಾರೆ."

"ಬೀಟ್ ಅಂದ್ರೆ ಹೊಡೆಯೋದು ಅಲ್ವಾ?" ಯಜಮಾನರು ಕನ್ನಡಕ ಹಾಕಿಕೊಂಡರು. "ಡೌನ್ ಅಂದ್ರೆ ಕೆಳಗೆ. ಎಲ್ಲಿ, ಸರಿಯಾಗಿ ನೋಡಿ ಹೇಳಿ."

ಡಿಕ್ಷನರಿ ಬಂತು. ಪುಟ ತೆರೆಯಿತು. "ಮೊದಲನೇ ಅರ್ಥ ಓವರ್‌ಪವರ್, ಕ್ರಶ್. ಅಂದ್ರೆ ಮೇಲೆ ಬಿದ್ದು ಮಣಿಸೋದು, ಹೊಡೆದು ಮಣ್ಣುಮುಕ್ಕಿಸೋದು. ಎರಡನೇ ಅರ್ಥ ಡಿಸ್‌ಕರೇಜ್, ಡಿಸ್‌ಹಾರ್ಟನ್. ಅಂದ್ರೆ ಎದೆಗುಂದಿಸೋದು, ಧೈರ್ಯ ಕೆಡಿಸೋದು..."

"ಮೊದಲು ಧೈರ್ಯ ಕೆಡಿಸಿ ಆಮೇಲೆ ಹೊಡೀತಾರೋ, ಹೊಡೆದು ಆಮೇಲೆ ಕೆಡಿಸ್ತಾರೋ?" ಕ್ಯಾಷಿಯರ್ ಕೇಳಿದರು.

"ತಾಳಿ, ಪುಟ ಮುಗೀತು, ಹಿಂದಿನ ಮಗ್ಗುಲಲ್ಲಿ ಇನ್ನೂ..."

"ಇನ್ನೂ ಏನು ನೋಡೋದು!" ಯಜಮಾನರು ಎದ್ದು ನಿಂತರು. ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. "ಸೊಂಟ! ಆ ಸೊಂಟದ ಸೇಡು!"

ಎಲ್ಲರಿಗೂ ನೆನಪಾಯಿತು. ಕಳೆದ ವರ್ಷ ಕಳಿಸಿದ ಏಣಿಯೊಂದರ ಮೂರನೇ ಮೆಟ್ಟಿಲು ಮುರಿದು, ಆ ಕಂಪನಿಯ ಉಗ್ರಾಣದವನು ಬಿದ್ದು, ಸೊಂಟ ಉಳುಕಿಸಿಕೊಂಡು ಎರಡು ತಿಂಗಳು ಮಲಗಿದ್ದ. ಇವರು ಕ್ಷಮೆ ಕೇಳಿ ಪತ್ರ ಬರೆದಿದ್ದರು. ಅವರು ಉತ್ತರ ಬರೆದಿರಲಿಲ್ಲ. ಆ ಉತ್ತರ ಇವತ್ತು ಕಾಲಲ್ಲಿ ನಡೆದು ಬರುತ್ತಿದೆ ಅನ್ನುವುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ.

ಆಗ ಗಂಟೆ ಹತ್ತೂವರೆ. ಅರ್ಧ ಗಂಟೆಯಲ್ಲಿ ಕಾರ್ಖಾನೆ ಕೋಟೆಯಾಯಿತು. ಪ್ಯಾಕಿಂಗ್ ವಿಭಾಗದಿಂದ ಪೈಲ್ವಾನನನ್ನು ಕರೆಸಿದರು. ಒಂದೇ ಭುಜದ ಮೇಲೆ ಎಂಟು ಏಣಿ ಹೊರುವ ಆಳು. ಜಿರಲೆ ಕಂಡರೆ ಮಾತ್ರ ಹೆದರುತ್ತಿದ್ದ. ಪ್ರತಿನಿಧಿ ಒಳಗೆ ಬಂದ ಮೇಲೆ ಬಾಗಿಲಿಗೆ ಅಡ್ಡ ನಿಲ್ಲಬೇಕು, ಯಜಮಾನರು ಹೇಳುವವರೆಗೂ ಒಂದು ನೊಣವನ್ನೂ ಹೊರಗೆ ಬಿಡಬಾರದು ಅಂತ ಅಪ್ಪಣೆಯಾಯಿತು. ಟೈಪಿಸ್ಟ್ ಮೇಡಂ ಟಿಂಚರ್ ಸೀಸೆ, ಹತ್ತಿ ತಂದಿಟ್ಟುಕೊಂಡರು. ಕ್ಯಾಷಿಯರ್ ಬೀಗದ ಕೈಗಳನ್ನು ಕಾಲುಚೀಲದೊಳಗೆ ಇಳಿಸಿದರು.

"ನನ್ನ ಕುರ್ಚಿಯಲ್ಲಿ ನೀವು ಕೂತಿರಿ" ಅಂದರು ಯಜಮಾನರು ಡಿಕ್ಷನರಿಯವರಿಗೆ.

"ನಾನಾ ಸಾರ್?"

"ನಿಮಗೆ ಇಂಗ್ಲಿಷ್ ಬರುತ್ತೆ. ಹೊಡೆಯೋಕೆ ಮುಂಚೆ ಯಾವ ಅರ್ಥದಲ್ಲಿ ಹೊಡೀತೀರಿ ಅಂತ ವಿಚಾರಿಸಬಹುದು. ಏಣಿ ಎಂಟುನೂರಕ್ಕೆ ಕೇಳಿದ್ರೆ ಎಂಟುನೂರಕ್ಕೆ, ಏಳುನೂರಕ್ಕೆ ಕೇಳಿದ್ರೆ ಏಳುನೂರಕ್ಕೆ ಕೊಟ್ಟುಬಿಡಿ. ಜೀವ ಉಳಿದರೆ ಸಾಕು." ಹೀಗಂದವರು ಪಕ್ಕದ ಸಾಮಾನಿನ ಕೋಣೆಗೆ ಹೋಗಿ, ಮರದ ಹೊಟ್ಟು ತುಂಬಿದ ಪೆಟ್ಟಿಗೆಯೊಳಗೆ ಇಳಿದು, ಮುಚ್ಚಳ ಎಳೆದುಕೊಂಡರು.

ಡಿಕ್ಷನರಿಯವರು ಯಜಮಾನರ ಕುರ್ಚಿಯ ಅಂಚಿನಲ್ಲಿ ಕೂತರು. ಕಾಲು ನೆಲಕ್ಕೆ ತಾಗಿದ್ದರೂ ತಾಗಿದ ಹಾಗನ್ನಿಸಲಿಲ್ಲ.

ಸರಿಯಾಗಿ ಹನ್ನೊಂದು ಗಂಟೆಗೆ ಬಾಗಿಲು ತೆರೆಯಿತು. ಒಳಗೆ ಬಂದದ್ದು ಒಬ್ಬ ಗಿಡ್ಡ ಹೆಂಗಸು. ಅರವತ್ತು ದಾಟಿರಬಹುದು. ಬೆಳ್ಳಗಿನ ಕೂದಲು, ದಾರ ಕಟ್ಟಿದ ಕನ್ನಡಕ, ಕೈಯಲ್ಲೊಂದು ಬಟ್ಟೆಚೀಲ. ಎದುರು ಕುರ್ಚಿಯಲ್ಲಿ ಆರಾಮಾಗಿ ಕೂತು, ಚೀಲದಿಂದ ಎರಡು ಉದ್ದನೆಯ ಉಕ್ಕಿನ ಕಡ್ಡಿ ಹೊರತೆಗೆದರು.

ಡಿಕ್ಷನರಿಯವರು ಕೈಗಳನ್ನು ಮೇಜಿನ ಕೆಳಗೆ ಇಳಿಸಿಕೊಂಡರು. ಕಡ್ಡಿಗಳ ಹಿಂದೆಯೇ ನೀಲಿ ಉಲ್ಲನ್ನಿನ ಉಂಡೆ ಬಂತು, ಅರ್ಧ ಹೆಣೆದ ಸ್ವೆಟರ್ ಬಂತು. ಆದರೂ ಅವರ ಕಣ್ಣು ಕಡ್ಡಿಯ ಮೊನೆಯಿಂದ ಆಚೀಚೆ ಹೋಗಲಿಲ್ಲ.

"ಮಾತಾಡ್ತಾ ಹೆಣೆಯೋದು ನನ್ನ ಅಭ್ಯಾಸ" ಅಂದರು ಆಕೆ. "ಸುತ್ತಿ ಬಳಸಿ ಮಾತಾಡೋದು ನನಗೆ ಬರಲ್ಲ. ಮುನ್ನೂರು ಏಣಿ. ಒಂದಕ್ಕೆ ಏಳುನೂರು."

ಒಪ್ಪಿದೆ ಅನ್ನಲು ಡಿಕ್ಷನರಿಯವರು ಬಾಯಿ ತೆರೆದರು. ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು. ಹೆದರಿಕೆಗೆ ತಲೆ ತನ್ನಷ್ಟಕ್ಕೆ ತಾನು ಅತ್ತಿಂದಿತ್ತ ನಡುಗುತ್ತಿತ್ತು.

"ಇಲ್ವಾ?" ಆಕೆ ಕಡ್ಡಿ ಆಡಿಸಿದರು. "ಏಳುನೂರೈವತ್ತು."

ತಲೆ ಇನ್ನೂ ಜೋರಾಗಿ ನಡುಗಿತು.

"ಭಲೇ ಗಟ್ಟಿಗರು. ಆಯ್ತು, ಎಂಟುನೂರು."

ಕ್ಷಮೆ ಕೇಳುವ ಇಂಗ್ಲಿಷ್ ಪದ ಯಾವುದಾದರೂ ಸಿಕ್ಕೀತೇ ಅಂತ ಡಿಕ್ಷನರಿಯವರು ಪುಸ್ತಕ ಎಳೆದುಕೊಂಡರು. ಆಗ ನೋಡಿದ್ದ ಪುಟವೇ ತೆರೆದುಕೊಂಡಿತು. ಆಕೆಗೆ ಅದು ಬೇರೆ ಗಿರಾಕಿಗಳ ದರದ ಪುಸ್ತಕದ ಹಾಗೆ ಕಂಡಿರಬೇಕು. ಕತ್ತು ಎತ್ತರಿಸಿ ಇಣುಕಿ, "ಎಂಟುನೂರೈವತ್ತು" ಅಂದರು. ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ.

ಡಿಕ್ಷನರಿಯವರು ಪುಟ ಮಗುಚಿದರು. ಅಲ್ಲಿತ್ತು ಮೂರನೇ ಅರ್ಥ. ಹ್ಯಾಗಲ್, ಬಾರ್ಗೇನ್. ಚೌಕಾಸಿ ಮಾಡಿ ಬೆಲೆ ಇಳಿಸುವುದು.

"ಅಯ್ಯೋ!" ಅಂದರು ಜೋರಾಗಿ. ಆಮೇಲೆ ನಕ್ಕರು. ಹೆದರಿಕೆ ಇಳಿದ ರಭಸಕ್ಕೆ ನಗು ತಡೆಯಲಾಗದೆ ಮೇಜು ಕುಟ್ಟಿ ನಕ್ಕರು. ಹೊಡೆಯಲು ಬಂದವರಲ್ಲ, ಚೌಕಾಸಿಗೆ ಬಂದವರು!

ಎಂಟುನೂರೈವತ್ತಕ್ಕೆ ಯಾರೂ ಹಾಗೆ ನಕ್ಕಿದ್ದನ್ನು ಆಕೆ ನೋಡಿರಲಿಲ್ಲ. ಹೆಣಿಗೆಯ ಒಂದು ಗಂಟು ತಪ್ಪಿತು. "ಹೋಗಲಿ, ಒಂಬೈನೂರು" ಅಂದರು.

"ಸಾವಿರದ ಇನ್ನೂರು" ಅಂತ ಯಾರೋ ಹೇಳಿದರು. ಯಾರು ಅಂತ ಡಿಕ್ಷನರಿಯವರು ಹಿಂದೆ ತಿರುಗಿ ನೋಡಿದರು. ಯಾರೂ ಇರಲಿಲ್ಲ. ಹೇಳಿದ್ದು ಅವರೇ. ಬಾಯಿಯೊಳಗೆ ಆ ಅಂಕಿಯ ರುಚಿ ಇನ್ನೂ ಇತ್ತು. ತುಂಬಾ ಚೆನ್ನಾಗಿತ್ತು.

ಕಾಳಗ ಶುರುವಾಯಿತು. ಆಕೆ ಎದ್ದು ಮೂಲೆಯಲ್ಲಿದ್ದ ಮಾದರಿ ಏಣಿಯನ್ನು ಹಿಡಿದು ಅಲ್ಲಾಡಿಸಿದರು. "ಕಿರ್ ಅನ್ನುತ್ತೆ."

"ಅನ್ನಲೇಬೇಕು. ಯಾರೋ ಮೇಲೆ ಹತ್ತುತ್ತಿದ್ದಾರೆ ಅಂತ ಕೆಳಗಿರೋರಿಗೆ ಗೊತ್ತಾಗೋದು ಬೇಡ್ವಾ?"

"ಬಣ್ಣ ಮಂಕಾಗಿದೆ."

"ಏಣಿ ಹತ್ತೋರು ಮೇಲೆ ನೋಡಬೇಕು ತಾಯಿ, ಏಣಿಯನ್ನಲ್ಲ."

"ನಿಮ್ಮ ಏಣಿಯಿಂದ ಬಿದ್ದು ನಮ್ಮ ಉಗ್ರಾಣದವರ ಸೊಂಟ ಉಳುಕಿತು. ಅದಕ್ಕೇನಂತೀರಿ?"

ಕಿಟಕಿಯ ಹೊರಗೆ ಕಿವಿಗೊಟ್ಟು ನಿಂತಿದ್ದ ಕ್ಯಾಷಿಯರ್ ಕಣ್ಣು ಮುಚ್ಚಿಕೊಂಡರು. ಡಿಕ್ಷನರಿಯವರು ಮಾತ್ರ ಅಲುಗಲಿಲ್ಲ. "ಎಷ್ಟನೇ ಮೆಟ್ಟಿಲು ಮುರೀತು?"

"ಮೂರನೇದು."

"ನಮ್ಮ ಏಣಿಗೆ ಹನ್ನೆರಡು ಮೆಟ್ಟಿಲು. ಉಳಿದ ಹನ್ನೊಂದರ ಮೇಲೆ ಯಾರಾದರೂ ಒಂದು ದೂರು ಹೇಳಿದ್ದಾರಾ?"

ಆಕೆ ಏಣಿ ಬಿಟ್ಟು ಕುರ್ಚಿಯ ಕಡೆ ಬಂದರು. ಆಮೇಲೆ ತಮ್ಮ ಕೊನೆಯ ಅಸ್ತ್ರ ಹೊರತೆಗೆದರು. ಉಲ್ಲನ್ನು, ಕಡ್ಡಿ, ಸ್ವೆಟರ್ ಎಲ್ಲ ಚೀಲಕ್ಕೆ ತುರುಕಿ, "ನಮಸ್ಕಾರ, ಬೇರೆ ಕಡೆ ನೋಡ್ಕೋತೀನಿ" ಅಂತ ಬಾಗಿಲ ಕಡೆ ನಡೆದರು. ಮೂವತ್ತು ವರ್ಷದಲ್ಲಿ ಆಕೆ ಬಾಗಿಲವರೆಗೆ ಹೋದಾಗೆಲ್ಲ ಮಾರುವವರು ಹಿಂದಿನಿಂದ ಓಡಿ ಬಂದಿದ್ದರು.

ಡಿಕ್ಷನರಿಯವರಿಗೂ ಎದ್ದು ಓಡಬೇಕು ಅನ್ನಿಸಿತು. ಆದರೆ ಯಜಮಾನರ ಕುರ್ಚಿ ಮೇಜಿಗೆ ಒತ್ತಿಕೊಂಡಿತ್ತು, ಬೇಗ ಏಳಲು ಬರುತ್ತಿರಲಿಲ್ಲ. ಅಷ್ಟರಲ್ಲಿ ಆಕೆ ಬಾಗಿಲು ತೆರೆದರು. ಬಾಗಿಲ ತುಂಬಾ ಪೈಲ್ವಾನ ನಿಂತಿದ್ದ.

"ಯಜಮಾನ್ರು ಹೇಳೋವರೆಗೂ ಯಾರೂ ಹೊರಗೆ ಹೋಗೋ ಹಾಗಿಲ್ಲ ಅಮ್ಮಾವ್ರೇ" ಅಂದ, ತುಂಬಾ ವಿನಯದಿಂದ.

ಆಕೆ ಅವನ ಎದೆಯ ಎರಡನೇ ಗುಂಡಿಯನ್ನೇ ಸ್ವಲ್ಪ ಹೊತ್ತು ನೋಡಿದರು. ನಿಧಾನಕ್ಕೆ ತಿರುಗಿ ಬಂದು ಕೂತರು. ಡಿಕ್ಷನರಿಯವರು ನೀರಿನ ಲೋಟವನ್ನು ಅವರ ಕಡೆ ಸರಿಸಿದರು.

"ಸಾವಿರ" ಅಂದರು ಆಕೆ, ನೀರು ಕುಡಿದು.

"ಸಾವಿರದ ಇನ್ನೂರು."

"ಸಾವಿರದ ಐವತ್ತು. ಇದಕ್ಕಿಂತ ಮೇಲೆ ಹೋದರೆ ನನ್ನ ಕೆಲಸ ಹೋಗುತ್ತೆ."

"ಸಾವಿರದ ನೂರು. ಇದಕ್ಕಿಂತ ಕೆಳಗೆ ಬಂದರೆ ನನ್ನ ಮಾನ ಹೋಗುತ್ತೆ."

ಕಿಟಕಿಯಾಚೆ ಕ್ಯಾಷಿಯರ್ರೂ ಟೈಪಿಸ್ಟ್ ಮೇಡಮ್ಮೂ ಉಸಿರು ಬಿಗಿಹಿಡಿದಿದ್ದರು. ಕೊನೆಗೆ ಆಕೆ ಚೀಲದಿಂದ ಕರಾರುಪತ್ರ ತೆಗೆದು ಸಾವಿರದ ನೂರು ಅಂತ ಬರೆದು ಸಹಿ ಹಾಕಿದರು. ಎದ್ದು ನಿಂತು ಕೈಮುಗಿದರು. "ಮೂವತ್ತು ವರ್ಷದಿಂದ ಚೌಕಾಸಿ ಮಾಡಿಕೊಂಡು ಬಂದಿದ್ದೀನಿ. ನನ್ನನ್ನ ಹೀಗೆ ಮಣಿಸಿದವರು ನೀವೊಬ್ಬರೇ ಸ್ವಾಮಿ. ನಿಮ್ಮ ಮನೆಯವರು ಪುಣ್ಯವಂತರು. ತರಕಾರಿ ಎಲ್ಲಾ ಪುಕ್ಕಟೆ ಬರ್ತಿರಬೇಕು."

ಡಿಕ್ಷನರಿಯವರು ಗಂಭೀರವಾಗಿ ತಲೆದೂಗಿದರು. "ಪೈಲ್ವಾನ್, ಅಮ್ಮಾವ್ರನ್ನ ಬಿಡು" ಅಂದರು.

ಆಕೆ ಗೇಟು ದಾಟಿದ್ದೇ ತಡ, ಕಾರ್ಖಾನೆ ಸಿಡಿಯಿತು. ಕ್ಯಾಷಿಯರ್ ಕಿಟಕಿಯಿಂದಲೇ ಒಳಗೆ ಬಂದರು. ಬೀಗದ ಕೈಗಳು ಕಾಲುಚೀಲದಲ್ಲಿ ಗಿಲಿಗಿಲಿ ಅನ್ನುತ್ತಿದ್ದವು. ಟೈಪಿಸ್ಟ್ ಮೇಡಂ ಸಂತೋಷಕ್ಕೆ ಅಳುತ್ತಾ ಹತ್ತಿಯಲ್ಲಿ ಕಣ್ಣೊರೆಸಿಕೊಂಡರು. ಪೆಟ್ಟಿಗೆಯಿಂದೆದ್ದು ಬಂದ ಯಜಮಾನರ ತಲೆ, ಹುಬ್ಬು, ಮೀಸೆಯಲ್ಲೆಲ್ಲ ಮರದ ಹೊಟ್ಟು ಮೆತ್ತಿತ್ತು. ಕರಾರುಪತ್ರ ನೋಡಿದವರೇ ಡಿಕ್ಷನರಿಯವರನ್ನು ತಬ್ಬಿಕೊಂಡು ಅವರಿಗೂ ಹೊಟ್ಟು ಹಚ್ಚಿದರು. ಪೈಲ್ವಾನ ಒಂದು ಏಣಿಯನ್ನು ಅಡ್ಡ ಮಲಗಿಸಿ, ಅದರ ಮೇಲೆ ಡಿಕ್ಷನರಿಯವರನ್ನು ಕೂರಿಸಿದ. ನಾಲ್ಕು ಜನ ಹೆಗಲು ಕೊಟ್ಟು ಅಂಗಳದಲ್ಲಿ ಮೂರು ಸುತ್ತು ಮೆರೆಸಿದರು. ಗರಗಸದವರು ಗರಗಸ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಹತ್ತೊಂಬತ್ತು ವರ್ಷ ಅದೇ ಅಂಗಳದಲ್ಲಿ ಗೋಡೆ ಪಕ್ಕ ನಡೆದು ಹೋಗುತ್ತಿದ್ದ ಮನುಷ್ಯ ಅವತ್ತು ಎಲ್ಲರ ತಲೆಗಿಂತ ಎತ್ತರದಲ್ಲಿದ್ದ.

ಮಧ್ಯಾಹ್ನವೆಲ್ಲ ಜನ ಬಂದು ಬಂದು ಕತೆ ಕೇಳಿದರು. ಪ್ರತಿ ಸಲ ಹೇಳುವಾಗಲೂ ಆ ಹೆಂಗಸು ಎರಡು ಇಂಚು ಎತ್ತರವಾದರು. ಚಹಾ ತಂದವನು "ಎರಡು ಚಹಾ ಇಪ್ಪತ್ತು" ಅಂದ. ಡಿಕ್ಷನರಿಯವರು ಹುಬ್ಬು ಹಾರಿಸಿ "ಹದಿನಾಲ್ಕು" ಅಂದರು. ಅವನು ಹದಿನಾಲ್ಕಕ್ಕೇ ಕೊಟ್ಟು ಹೋದ.

"ಇನ್ನೇನು ಕಾಯ್ತಿದ್ದೀರಿ?" ಸಂಜೆ ನಾಲ್ಕಕ್ಕೆ ಕ್ಯಾಷಿಯರ್ ಕಿವಿಯಲ್ಲಿ ಹೇಳಿದರು. "ಈಗಲೇ ಹೋಗಿ ಕೇಳಿ. ಈ ಹೊತ್ತಿನಲ್ಲಿ ನೀವು ಕಾರ್ಖಾನೆಯನ್ನೇ ಕೇಳಿದರೂ ಕೊಡ್ತಾರೆ."

ಡಿಕ್ಷನರಿಯವರು ಕೋಣೆಗೆ ಹೋದರು. ಕೂತುಕೊಳ್ಳಲಿಲ್ಲ. ಯಜಮಾನರ ಕೈ ಅಭ್ಯಾಸಬಲದಿಂದ ಕನ್ನಡಕದ ಕಡೆ ಹೋಯಿತು.

"ಕನ್ನಡಕ ಕಣ್ಣ ಮೇಲೇ ಇರಲಿ ಸಾರ್" ಅಂದರು ಡಿಕ್ಷನರಿಯವರು.

ಯಜಮಾನರ ಕೈ ಕೆಳಗಿಳಿಯಿತು. ಅವರು ಡಿಕ್ಷನರಿಯವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಸಂಬಳದ ವಿಷಯ. ಅಲ್ವಾ?" ಅಂದರು. "ನಿಮ್ಮ ಜೊತೆ ಮಾತಿಗೆ ನಿಲ್ಲೋ ಶಕ್ತಿ ನನಗಿಲ್ಲಪ್ಪ. ಆ ಹೆಣ್ಣುಹುಲಿಯನ್ನೇ ಮಣಿಸಿದವರು ನೀವು, ನಾನು ಯಾವ ಲೆಕ್ಕ? ಒಂದು ಕೆಲಸ ಮಾಡೋಣ. ಆ ಕುರ್ಚಿಯಲ್ಲಿ ನೀವೇ ಕೂತ್ಕೊಳ್ಳಿ, ಈಗ ಅದು ನಿಮಗೇ ಒಪ್ಪುತ್ತೆ. ನೀವೇ ಯಜಮಾನರು. ನಾನು ಡಿಕ್ಷನರಿ. ನಿಮ್ಮ ಪರವಾಗಿ ನಾನು ಕೇಳ್ತೀನಿ. ನೀವು ಎಷ್ಟು ಅಂತ ಹೇಳ್ತೀರೋ ಅಷ್ಟು. ಕಾಗದದ ಮೇಲೆ ಬರೆದುಬಿಡಿ, ನಾನು ಸಹಿ ಹಾಕ್ತೀನಿ. ಆಯ್ತಾ?"

ಇಷ್ಟು ಸುಲಭವೇ ಅಂತ ಡಿಕ್ಷನರಿಯವರಿಗೆ ಆಶ್ಚರ್ಯವಾಯಿತು. ಎರಡು ಸಾವಿರ ಅಂತ ಬರೆದು ಎದ್ದು ಬಂದರಾಯಿತು. ಮೇಜು ಸುತ್ತಿ ಹೋಗಿ ಕುರ್ಚಿಯಲ್ಲಿ ಕೂತರು. ಈ ಸಲ ಅಂಚಿನಲ್ಲಲ್ಲ, ಬೆನ್ನು ಪೂರಾ ಒರಗಿಸಿ ಕೂತರು. ಕಿಟಕಿಯಲ್ಲಿ ಮೂರು ಮುಖ ಮೂಡಿದವು. ಹಿಂದೆ ಗರಗಸದವರೂ ಸೇರಿದ್ದರು.

ಯಜಮಾನರು ಹೊರಗೆ ಹೋಗಿ, ಬಾಗಿಲು ತಟ್ಟಿ, ಕೈಕಟ್ಟಿಕೊಂಡು, ಭುಜ ಕುಗ್ಗಿಸಿ ಒಳಗೆ ಬಂದರು. ತಾವು ಅಷ್ಟು ಕುಗ್ಗಿ ನಡೆಯುವುದು ಡಿಕ್ಷನರಿಯವರಿಗೆ ಗೊತ್ತಿರಲಿಲ್ಲ.

"ಸಾರ್, ನನಗೆ ಸಂಬಳ ಐದು ಸಾವಿರ ಜಾಸ್ತಿ ಮಾಡಬೇಕು."

"ಐದು ಸಾವಿರ?" ಅಂದರು ಡಿಕ್ಷನರಿಯವರು.

ಅಂಕಿ ಕಿವಿಗೆ ಬಿದ್ದದ್ದೇ ತಡ, ಮೈಯಲ್ಲಿ ಬೆಳಗ್ಗಿನ ಕಾಳಗದ ಬಿಸಿ ಮತ್ತೆ ಏರಿತು. ಎದುರಿಗೆ ಒಬ್ಬ ಮನುಷ್ಯ ಒಂದು ಬೆಲೆ ಹೇಳಿ ನಿಂತಿದ್ದಾನೆ. ಅದನ್ನು ಹಾಗೇ ಒಪ್ಪಿಕೊಂಡರೆ ಎಂಥ ನಾಚಿಕೆಗೇಡು!

"ಏನ್ರೀ, ಕೇಳೋಕೂ ಒಂದು ಮಿತಿ ಬೇಡ್ವಾ? ಐದು ಸಾವಿರ ಕೊಟ್ಟರೆ ಇಂಗ್ಲಿಷರೇ ಬಂದು ಪತ್ರ ಬರೀತಾರೆ."

ಕಿಟಕಿಯಲ್ಲಿ ನಗೆ ಎದ್ದಿತು. ಯಜಮಾನರು ತಲೆ ತಗ್ಗಿಸಿದರು. "ಹತ್ತೊಂಬತ್ತು ವರ್ಷ ದುಡಿದಿದ್ದೀನಿ ಸಾರ್. ನಾಲ್ಕಾದರೂ ಮಾಡಿ."

"ಹತ್ತೊಂಬತ್ತು ವರ್ಷ ಒಂದೇ ಕುರ್ಚಿ ಸವೆಸಿದ್ದೀರಿ. ಆ ಕುರ್ಚಿ ಖರ್ಚು ಯಾರು ಕೊಡ್ತಾರೆ?"

"ಮನೆ ಬಾಡಿಗೆ ಏರಿದೆ ಸಾರ್. ಎರಡು ಸಾವಿರ. ಅಷ್ಟಾದರೆ ಸಾಕು, ನಿಮ್ಮ ಹೆಸರು ಹೇಳ್ಕೊಂಡು ಬದುಕ್ತೀನಿ."

ಎರಡು ಸಾವಿರ. ಈ ಅಂಕಿಯನ್ನು ಎಲ್ಲೋ ಕೇಳಿದ್ದೇನೆ ಅಂತ ಡಿಕ್ಷನರಿಯವರಿಗೆ ಒಂದು ಕ್ಷಣ ಅನ್ನಿಸಿತು. ಆದರೆ ಎದುರಾಳಿ ಒಂದೇ ಏಟಿಗೆ ನಾಲ್ಕರಿಂದ ಎರಡಕ್ಕೆ ಜಾರಿದ್ದ. ಜಾರುವವನನ್ನು ನಡುವೆ ನಿಲ್ಲಿಸುವುದುಂಟೇ?

"ಬಾಡಿಗೆ ಏರಿದರೆ ಚಿಕ್ಕ ಮನೆಗೆ ಹೋಗ್ರೀ. ಗಿರಣಿ ಹಿಂದೆ ಬೇಕಾದಷ್ಟಿವೆ."

"ಅಲ್ಲಿ ಕಿವಿ ಕೇಳಲ್ಲ ಸಾರ್."

"ಒಳ್ಳೇದೇ ಆಯ್ತು. ಮನೆಯಲ್ಲಿ ಬೈದರೂ ಕೇಳಿಸಲ್ಲ!"

ಗರಗಸದವರು ಸಿಳ್ಳೆ ಹಾಕಿದರು. "ಸಾವಿರ?" ಅಂದರು ಯಜಮಾನರು. ಡಿಕ್ಷನರಿಯವರು ಮೇಜು ಕುಟ್ಟಿ ನಕ್ಕರು. "ಐನೂರು?" ನೀರಿನ ಲೋಟ ಮುಂದಕ್ಕೆ ಸರಿಸಿದರು. "ಇನ್ನೂರು ಸಾರ್, ಬಸ್ಸಿನ ಖರ್ಚಿಗೆ." ಡಿಕ್ಷನರಿಯವರು ಉತ್ತರಿಸುವ ಗೋಜಿಗೂ ಹೋಗದೆ ಮಾಡಿನ ಕಡೆ ನೋಡಿದರು. ಯಜಮಾನರ ಕಣ್ಣಲ್ಲಿ ನಿಜವಾದ ನೀರು ಬಂತು. "ಬೇಡ ಬಿಡಿ ಸಾರ್" ಅಂದರು ಸೋತ ದನಿಯಲ್ಲಿ. "ಇರೋ ಸಂಬಳದಲ್ಲೇ ಇದ್ದುಬಿಡ್ತೀನಿ."

"ಹಾಗೆ ಬಾ ದಾರಿಗೆ!" ಡಿಕ್ಷನರಿಯವರು ಎದ್ದು ನಿಂತು, ಕಾಗದ ಎಳೆದುಕೊಂಡು, ದಪ್ಪ ಅಕ್ಷರದಲ್ಲಿ 'ಸಂಬಳ ಈಗ ಇರುವಷ್ಟೇ' ಅಂತ ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದರು. "ಅದರಲ್ಲೂ ನೂರು ಕಡಿಮೆ ಮಾಡ್ತೀನಿ, ಏನು ಮಾಡ್ಕೋತೀಯಾ..."

"ಡಿಕ್ಷನರಿಯವ್ರೇ, ಸಾಕು ಮಾಡಿ!" ಅಂತ ಟೈಪಿಸ್ಟ್ ಮೇಡಂ ಕಿಟಕಿಯಿಂದ ಕಿರುಚಿದರು.

ಸಿಳ್ಳೆ ನಿಂತಿತು. ಚಪ್ಪಾಳೆ ಒಂದೊಂದಾಗಿ ನಿಂತಿತು. ಪೈಲ್ವಾನನಿಗೆ ತಡವಾಗಿ ಗೊತ್ತಾದ್ದರಿಂದ ಅವನೊಬ್ಬನೇ ಇನ್ನೂ ನಾಲ್ಕು ಸಲ ತಟ್ಟಿದ. ಯಜಮಾನರು ಕಣ್ಣೊರೆಸಿಕೊಂಡು, ಕಾಗದಕ್ಕೆ ಸಹಿ ಹಾಕಿ, ಡಿಕ್ಷನರಿಯವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು.

"ಆ ನೂರು ಬೇಡ ಬಿಡಿ, ನಾನೇ ಮಾಫಿ ಮಾಡ್ತೀನಿ" ಅಂದರು. "ಆದ್ರೆ ನಿಜ ಹೇಳ್ತೀನಿ. ನಾನಾಗಿದ್ರೆ ಸಾವಿರದ ಹತ್ತಿರ ಸೋತುಬಿಡ್ತಿದ್ದೆ."

ಡಿಕ್ಷನರಿಯವರು ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಹೆಂಡತಿ ಹೇಳಿದ ಹಾಗೆ ಬಾಗಿಲಲ್ಲೇ ನಿಂತಿದ್ದಳು. ಎದುರು ಮನೆಯಾಕೆಯೂ ತಮ್ಮ ಬಾಗಿಲಲ್ಲಿ ಕಿವಿ ನೆಟ್ಟಗೆ ಮಾಡಿ ನಿಂತಿದ್ದರು. ಗಂಡನ ತಲೆ ತುಂಬಾ ಮರದ ಹೊಟ್ಟು, ಕೆದರಿದ ಕೂದಲು, ಆದರೂ ಎತ್ತಿದ ಕತ್ತು. ಇದನ್ನೆಲ್ಲ ನೋಡಿ ಹೆಂಡತಿಯ ಮುಖ ಅರಳಿತು.

"ಗೆದ್ರಾ?"

"ಗೆದ್ದೆ" ಅಂದರು. ಅದು ಸುಳ್ಳಾಗಿರಲಿಲ್ಲ.

ಒಳಗೆ ಕೂರಿಸಿ, ಬಿಸಿ ಬಿಸಿ ಚಹಾ ಕೊಟ್ಟು, "ಎಲ್ಲಾ ಮೊದಲಿಂದ ಹೇಳಿ" ಅಂದಳು. ಅವರು ಹೇಳಿದರು. ಕಡ್ಡಿಯ ಹೆಂಗಸು, ಮೂರನೇ ಮೆಟ್ಟಿಲು, ಏಣಿಯ ಮೆರವಣಿಗೆ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಸಂಜೆಯ ಸಂಗತಿ ಬಂತು. ಯಜಮಾನರು ತಮ್ಮನ್ನು ಅವರ ಕುರ್ಚಿಯಲ್ಲೇ ಕೂರಿಸಿದ್ದು, ಆಗ ಒಬ್ಬ ಗುಮಾಸ್ತ ಸಂಬಳ ಕೇಳಿಕೊಂಡು ಬಂದದ್ದು. ಗುಮಾಸ್ತ ಯಾರು ಅಂತ ಹೇಳಲು ಬಾಯಿ ಬರಲಿಲ್ಲ. ಅದನ್ನು ಮುಂದಕ್ಕೆ ಹಾಕುತ್ತಾ ಹಾಕುತ್ತಾ ಕತೆ ಹೇಳಿದರು. ಹೇಳುತ್ತಾ ಹೇಳುತ್ತಾ ಅವರಿಗೇ ಮತ್ತೆ ಹುರುಪು ಬಂತು. ಐದು ಸಾವಿರದಿಂದ ನಾಲ್ಕಕ್ಕೆ, ನಾಲ್ಕರಿಂದ ಎರಡಕ್ಕೆ, ಅಲ್ಲಿಂದ ಇನ್ನೂರಕ್ಕೆ!

"ಯಜಮಾನರ ಕುರ್ಚಿಯಲ್ಲೇ ಕೂತು!" ಹೆಂಡತಿ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು. "ನನ್ನ ಗಂಡ! ಬೆಳಗ್ಗೆ ಪೊರಕೆಗೆ ಎಪ್ಪತ್ತು ಕೊಟ್ಟೋರು! ಕೊನೆಗೆ ಆ ಗುಮಾಸ್ತ ಏನಂದ?"

"ಏನಂತಾನೆ. ಇರೋ ಸಂಬಳವೇ ಸಾಕು ಅಂತ ಒಪ್ಪಿಕೊಂಡ."

ಅವಳು ಹೆಮ್ಮೆಯಿಂದ ಗಂಡನ ತಲೆಯ ಹೊಟ್ಟನ್ನು ಒಂದೊಂದಾಗಿ ಹೆಕ್ಕಿ ತೆಗೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಏನೋ ನೆನಪಾಗಿ ಅವಳ ಕೈ ನಿಂತಿತು. ಅವಳದು ಮೊದಲಿನಿಂದಲೂ ಮೆದು ಮನಸ್ಸು.

"ಆದರೂ ಪಾಪ ಕಣ್ರೀ" ಅಂದಳು. "ಇಷ್ಟು ಹೊತ್ತಿಗೆ ಆ ಮನುಷ್ಯ ಮನೆ ಸೇರಿರ್ತಾನೆ. ಹೆಂಡತಿಗೆ ಅದ್ಯಾವ ಬಾಯಲ್ಲಿ ಹೇಳ್ತಾನೋ ಏನೋ!"